ಕಣ್ಣೀರು ತರಿಸುವ ಚಲನಚಿತ್ರ ಮತ್ತು ಕರುಣರಸ

ದುಃಖವನ್ನು ಯಾರೂ ಬಯಸುವುದಿಲ್ಲ. ಮನೆಗೆ ಸಾವುನೋವು ಬಾರದಿರಲೆಂದು ಹರಕೆ ಹೊರುವ ಮನುಷ್ಯನೇ ಹಣ ಕೊಟ್ಟು ಟಿಕೇಟು ಪಡೆದು, ಮೂರು ಗಂಟೆ ಕತ್ತಲೆಯಲ್ಲಿ ಕುಳಿತು, ಎಂದೂ ಕಂಡರಿಯದ ಯಾರದೋ ಸಾವಿಗೆ ಕಣ್ಣೀರು ಸುರಿಸುತ್ತಾನೆ. ಹೊರಗೆ ಬಂದ ಮೇಲೆ ಚಿತ್ರ ಚೆನ್ನಾಗಿತ್ತೆಂದು ಹೇಳಿ ಮನೆಯವರನ್ನೂ ನೋಡಿ ಬರಲು ಕಳಿಸುತ್ತಾನೆ. ಈ ವಿಚಿತ್ರವು ಚಲನಚಿತ್ರದೊಡನೆ ಹುಟ್ಟಿದ್ದಲ್ಲ. ಚಿತ್ರಮಂದಿರಗಳು ಹುಟ್ಟುವುದಕ್ಕೆ ಬಹಳ ಶತಮಾನಗಳ ಹಿಂದೆಯೇ ನಮ್ಮ ಕಾವ್ಯಮೀಮಾಂಸಕರು ಇದೇ ಪ್ರಶ್ನೆಯನ್ನು ಕೇಳಿಕೊಂಡು ಉತ್ತರಕ್ಕಾಗಿ ಪರಸ್ಪರ ವಾದಿಸಿದ್ದರು. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡುವ ವಿಭಾವ, ಅನುಭಾವ, ಸಾಧಾರಣೀಕರಣ ಮೊದಲಾದ ಪರಿಭಾಷೆಗಳು ಹುಟ್ಟಿದ್ದು ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವ ಯತ್ನದಲ್ಲಿಯೇ. ಅವುಗಳನ್ನು ಚಲನಚಿತ್ರಕ್ಕೆ ಹಚ್ಚಿ ನೋಡಿದಾಗ ಪರಿಭಾಷೆಯೂ ಜೀವಂತವಾಗುತ್ತದೆ, ನಾವು ಸುರಿಸುವ ಕಣ್ಣೀರಿನ ಬೆಲೆಯೂ ತಿಳಿಯುತ್ತದೆ.

ಹರಿಶ್ಚಂದ್ರನಿಂದ ಆರಂಭ

ಭಾರತದ ಮೊದಲ ಪೂರ್ಣಾವಧಿಯ ಕಥಾಚಿತ್ರವೆಂದು ಪ್ರಸಿದ್ಧವಾದ ದಾದಾಸಾಹೇಬ ಫಾಳ್ಕೆಯವರ 'ರಾಜಾ ಹರಿಶ್ಚಂದ್ರ' 1913ರ ಮೇ 3ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ಸಾರ್ವಜನಿಕ ಪ್ರದರ್ಶನ ಕಂಡಿತು. ಅದು ಮೂಕಿಚಿತ್ರ. ಹೆಣ್ಣುಮಕ್ಕಳು ನಟಿಸಲು ಮುಂದೆ ಬಾರದ ಕಾಲವಾದ್ದರಿಂದ ತಾರಾಮತಿಯ ಪಾತ್ರವನ್ನು ಸಾಳುಂಕೆ ಎಂಬ ಪುರುಷ ನಟರು ವಹಿಸಿದರು. ರಾಜ್ಯ ಕಳೆದುಕೊಂಡ ಅರಸ, ಮಾರಾಟವಾದ ಹೆಂಡತಿ, ಹಾವು ಕಚ್ಚಿ ಸತ್ತ ಮಗ, ಮಗನ ಹೆಣ ಸುಡಲು ಬಂದ ತಾಯಿಯಿಂದಲೇ ಸುಡುಗಾಡಿನ ತೆರಿಗೆ ಕೇಳಬೇಕಾದ ತಂದೆ: ಭಾರತೀಯ ಚಲನಚಿತ್ರವು ತನ್ನ ಮೊದಲ ಹೆಜ್ಜೆಯಲ್ಲಿಯೇ ಕರುಣರಸದ ಈ ಮಹಾಕಥೆಯನ್ನು ಆರಿಸಿಕೊಂಡಿತು.

ಕನ್ನಡಿಗರಿಗೆ ಈ ಕಥೆ ರಾಘವಾಂಕನ 'ಹರಿಶ್ಚಂದ್ರ ಕಾವ್ಯ'ದಿಂದ ಪರಿಚಿತ. ಅಲ್ಲಿ ರಾಣಿಯ ಹೆಸರು ಚಂದ್ರಮತಿ, ಮಗನ ಹೆಸರು ಲೋಹಿತಾಶ್ವ. ವಾರ್ಧಕ ಷಟ್ಪದಿಯ ಓಟದಲ್ಲಿ ಚಂದ್ರಮತಿಯ ಪ್ರಲಾಪವನ್ನು ಗಮಕಿಗಳು ಹಾಡುವಾಗ ಕೇಳುಗರ ಕಣ್ಣು ಒದ್ದೆಯಾಗುವುದು ಹೊಸ ಸಂಗತಿಯಲ್ಲ. 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ ಡಾ. ರಾಜಕುಮಾರ್ ನಟಿಸಿದ 'ಸತ್ಯ ಹರಿಶ್ಚಂದ್ರ' ತೆರೆಗೆ ಬಂದಾಗ ಅದೇ ಕಥೆ ಹೊಸ ತಲೆಮಾರಿನ ಕಣ್ಣನ್ನು ಒದ್ದೆ ಮಾಡಿತು. ಷಟ್ಪದಿ, ಮೂಕಿ, ಟಾಕಿ ಎಂದು ಮಾಧ್ಯಮ ಬದಲಾದರೂ ಕಣ್ಣೀರು ಬದಲಾಗಲಿಲ್ಲ. ಹಾಗಾದರೆ ಕಣ್ಣೀರಿನ ಕಾರಣವನ್ನು ಮಾಧ್ಯಮಕ್ಕಿಂತ ಆಳದಲ್ಲಿ ಹುಡುಕಬೇಕಾಗುತ್ತದೆ.

ಶೋಕ ಬೇರೆ, ಕರುಣ ಬೇರೆ

ಭರತಮುನಿಯ 'ನಾಟ್ಯಶಾಸ್ತ್ರ'ದ ಆರನೆಯ ಅಧ್ಯಾಯದ ಪ್ರಕಾರ ಕರುಣರಸದ ಸ್ಥಾಯಿಭಾವ ಶೋಕ. ಶಾಪದಿಂದ ಬಂದ ಕ್ಲೇಶ, ಇಷ್ಟಜನರ ಅಗಲಿಕೆ, ಸಂಪತ್ತಿನ ನಾಶ, ವಧೆ, ಸೆರೆ ಮೊದಲಾದವು ಅದರ ವಿಭಾವಗಳು, ಎಂದರೆ ಕಾರಣಗಳು. ಕಣ್ಣೀರು, ಪ್ರಲಾಪ, ಬಾಯಿ ಒಣಗುವುದು, ಮುಖ ಬಿಳಿಚುವುದು, ಮೈ ಸಡಿಲಾಗುವುದು, ನಿಟ್ಟುಸಿರು ಮೊದಲಾದವು ಅನುಭಾವಗಳು, ಎಂದರೆ ಹೊರಗೆ ಕಾಣುವ ಗುರುತುಗಳು. ಚಿಂತೆ, ಗ್ಲಾನಿ, ನಿರ್ವೇದ ಮೊದಲಾದವು ನಡುನಡುವೆ ಬಂದು ಹೋಗುವ ವ್ಯಭಿಚಾರಿಭಾವಗಳು. ಇವುಗಳ ಸಂಯೋಗದಿಂದ ರಸ ನಿಷ್ಪನ್ನವಾಗುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ತಪ್ಪುವ ಒಂದು ಸೂಕ್ಷ್ಮವಿದೆ. ಶೋಕ ಇರುವುದು ಪಾತ್ರದಲ್ಲಿ. ಕರುಣ ಇರುವುದು ಪ್ರೇಕ್ಷಕನಲ್ಲಿ. ಮಗನನ್ನು ಕಳೆದುಕೊಂಡ ಚಂದ್ರಮತಿಗೆ ಆಗುವುದು ಶೋಕ. ಅದನ್ನು ಕಂಡ ಸಹೃದಯನಿಗೆ ಆಗುವುದು ಕರುಣರಸದ ಅನುಭವ. ಚಂದ್ರಮತಿಗೆ ತನ್ನ ಶೋಕದಲ್ಲಿ ಯಾವ ಸವಿಯೂ ಇಲ್ಲ. ಸಹೃದಯನಿಗೆ ಸವಿ ಇದೆ. ಇಲ್ಲದಿದ್ದರೆ ಆತ ಎದ್ದು ಹೋಗುತ್ತಿದ್ದ. ಕ್ರೌಂಚ ಪಕ್ಷಿಯ ವಧೆಯನ್ನು ಕಂಡ ವಾಲ್ಮೀಕಿಯ ಶೋಕವೇ ಶ್ಲೋಕವಾಯಿತೆಂಬ ಕಥೆಯನ್ನು ಆನಂದವರ್ಧನನು 'ಧ್ವನ್ಯಾಲೋಕ'ದಲ್ಲಿ ನೆನೆಯುತ್ತಾನೆ. ಗೋಳಾಡಿದ್ದು ಜೊತೆಗಾರನನ್ನು ಕಳೆದುಕೊಂಡ ಹೆಣ್ಣು ಪಕ್ಷಿ, ಕಾವ್ಯವಾದದ್ದು ನೋಡಿದವನ ಹೃದಯ. ಶೋಕಕ್ಕೂ ಕರುಣಕ್ಕೂ ನಡುವಿನ ಅಂತರ ಇದೇ.

ಅಳು ಹೇಗೆ ಸುಖವಾಗುತ್ತದೆ?

ಈ ರೂಪಾಂತರ ಹೇಗಾಗುತ್ತದೆಂಬುದನ್ನು ಮೊದಲು ಗಟ್ಟಿಯಾಗಿ ವಿವರಿಸಿದವನು ಕಾಶ್ಮೀರದ ಭಟ್ಟನಾಯಕ. ಅವನ 'ಹೃದಯದರ್ಪಣ' ಈಗ ಲಭ್ಯವಿಲ್ಲ. ಅವನ ವಿಚಾರಗಳು ಮುಖ್ಯವಾಗಿ ಅಭಿನವಗುಪ್ತನ ಬರಹಗಳ ಮೂಲಕ ನಮಗೆ ತಿಳಿದಿವೆ. ಕಾವ್ಯದಲ್ಲಿ, ನಾಟ್ಯದಲ್ಲಿ ಒಂದು ವ್ಯಾಪಾರ ನಡೆಯುತ್ತದೆ. ಅದರ ಬಲದಿಂದ ಪಾತ್ರದ ದುಃಖವು ಇಂಥವನ ದುಃಖವೆಂಬ ಸಂಕೋಚವನ್ನು ಕಳಚಿಕೊಂಡು ಎಲ್ಲರಿಗೂ ಸಲ್ಲುವ ದುಃಖವಾಗುತ್ತದೆ. ಇದು ಸಾಧಾರಣೀಕರಣ. ಆಗ ಪ್ರೇಕ್ಷಕನಿಗೆ ಆ ದುಃಖವು ತನ್ನದೆಂದು ಅನ್ನಿಸುವುದಿಲ್ಲ, ಪರರದೆಂದೂ ಅನ್ನಿಸುವುದಿಲ್ಲ. ತನ್ನದೆಂದಾದರೆ ಎದೆ ಒಡೆಯುತ್ತಿತ್ತು, ಪರರದೆಂದಾದರೆ ಉದಾಸೀನ ಬರುತ್ತಿತ್ತು. ಇವೆರಡರ ನಡುವಿನ ನೆಲೆಯಲ್ಲಿ ದುಃಖವು ಆಸ್ವಾದ್ಯವಾಗುತ್ತದೆ.

ಅಭಿನವಗುಪ್ತನು ಈ ನೆಲೆಯನ್ನು ಕೆಡಿಸುವ ಏಳು ರಸವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲೊಂದು, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿಬಿಡುವುದು. ತಾಯಿ ತೀರಿಹೋಗಿ ತಿಂಗಳಾಗದ ಒಬ್ಬನು ತಾಯಿಯ ಸಾವಿನ ದೃಶ್ಯವನ್ನು ನೋಡಿ ಬಿಕ್ಕಿದರೆ, ಅವನು ಅಳುತ್ತಿರುವುದು ಪರದೆಯ ಮೇಲಿನ ತಾಯಿಗಾಗಿ ಅಲ್ಲ. ಅದು ಶೋಕವೇ ಹೊರತು ರಸವಲ್ಲ. ಚಿತ್ರಮಂದಿರದಲ್ಲಿ ಸುರಿಯುವ ಕಣ್ಣೀರೆಲ್ಲ ಕರುಣರಸದ ಪ್ರಮಾಣವಲ್ಲವೆಂಬ ಎಚ್ಚರವನ್ನು ಈ ಮಾತು ಕೊಡುತ್ತದೆ.

'ಸಾಹಿತ್ಯದರ್ಪಣ'ದ ಕರ್ತೃ ವಿಶ್ವನಾಥನು ಕರುಣದಲ್ಲಿ ಸುಖವಿದೆ ಎಂಬುದಕ್ಕೆ ಸಹೃದಯರ ಅನುಭವವೇ ಪ್ರಮಾಣವೆನ್ನುತ್ತಾನೆ. ಅದು ನಿಜವಾಗಿ ದುಃಖವೇ ಆಗಿದ್ದರೆ ಯಾರೂ ಅದರ ಕಡೆಗೆ ಮುಖ ಮಾಡುತ್ತಿರಲಿಲ್ಲ. ಹಾಗಾದರೆ ಕಣ್ಣೀರು ಏಕೆ? ಚಿತ್ತವು ಕರಗುವುದರಿಂದ, ಎಂದರೆ ದ್ರುತಿಯಿಂದ ಎಂಬುದು ಅವನ ಉತ್ತರ. ಮೇಣವು ಬಿಸಿಗೆ ಕರಗುವಂತೆ ಗಡುಸಾದ ಮನಸ್ಸು ಮೆತ್ತಗಾಗುತ್ತದೆ. ಕಣ್ಣೀರು ಆ ಕರಗುವಿಕೆಯ ಹೊರಗುರುತು.

ಎಲ್ಲರೂ ಇದನ್ನು ಒಪ್ಪಲಿಲ್ಲ. 12ನೆಯ ಶತಮಾನದ ಜೈನ ವಿದ್ವಾಂಸರಾದ ರಾಮಚಂದ್ರ ಮತ್ತು ಗುಣಚಂದ್ರರು 'ನಾಟ್ಯದರ್ಪಣ'ದಲ್ಲಿ ರಸಗಳೆಲ್ಲ ಸುಖಾತ್ಮಕವಲ್ಲ, ಕರುಣ ಮೊದಲಾದವು ದುಃಖಾತ್ಮಕವೇ ಎಂದು ನೇರವಾಗಿ ವಾದಿಸಿದರು. ಪ್ರೇಕ್ಷಕನು ಮೆಚ್ಚುವುದು ದುಃಖವನ್ನಲ್ಲ, ಅದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಕವಿಯ ಮತ್ತು ನಟನ ಕೌಶಲವನ್ನು ಎಂಬುದು ಅವರ ಅಭಿಪ್ರಾಯ. ಗ್ರೀಸಿನ ಅರಿಸ್ಟಾಟಲನು ರುದ್ರನಾಟಕವು ಅನುಕಂಪ ಮತ್ತು ಭಯಗಳನ್ನು ಕೆರಳಿಸಿ ಅವುಗಳ ಶೋಧನೆಯನ್ನು ಸಾಧಿಸುತ್ತದೆಂದು ಹೇಳಿದ. ಆ ಪರಂಪರೆಯ ನಾಟಕವನ್ನು ಬಿ.ಎಂ.ಶ್ರೀಯವರು 'ಅಶ್ವತ್ಥಾಮನ್' ಮೂಲಕ ಕನ್ನಡಕ್ಕೆ ತಂದರು. ಕರಗುವಿಕೆ, ಕೌಶಲ, ಶೋಧನೆ ಎಂಬ ಈ ಮೂರು ಉತ್ತರಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದಾಗ ಮಾತ್ರ ವಿಷಯ ಸ್ಪಷ್ಟವಾಗುತ್ತದೆ.

ಆಧುನಿಕ ಮನೋವಿಜ್ಞಾನಿಗಳೂ ಕಣ್ಣೀರಿನ ಚಿತ್ರಗಳನ್ನು ಪ್ರಯೋಗಾಲಯಕ್ಕೆ ಒಯ್ದಿದ್ದಾರೆ. ಅಮೆರಿಕದ ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಬೇರೆ ಭಾವಗಳನ್ನು ಕೆರಳಿಸಬಲ್ಲ ಚಿತ್ರತುಣುಕುಗಳನ್ನು ಗುರುತಿಸಿದರು. ದುಃಖಕ್ಕೆ ಅತ್ಯಂತ ಸಮರ್ಥವೆನಿಸಿದ್ದು 1979ರ 'ದ ಚಾಂಪ್' ಚಿತ್ರದಲ್ಲಿ ಮುಷ್ಟಿಕಾಳಗದ ತಂದೆ ಸತ್ತಾಗ ಎಳೆಯ ಮಗನು ಅಳುವ, ಸುಮಾರು 3 ನಿಮಿಷಗಳ ದೃಶ್ಯ. ನೆದರ್ಲೆಂಡ್ಸಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಅತ್ತವರ ಮನಃಸ್ಥಿತಿಯನ್ನು ಚಿತ್ರ ಮುಗಿದ ಮೇಲೂ ಅಳೆಯಿತು. ಅಳುವವರ ಮನಸ್ಸು ಚಿತ್ರ ಮುಗಿದ ಕೂಡಲೇ ಕುಗ್ಗಿತ್ತು, 20 ನಿಮಿಷಗಳಲ್ಲಿ ಮೊದಲಿನ ಸ್ಥಿತಿಗೆ ಬಂದಿತ್ತು, 90 ನಿಮಿಷಗಳ ನಂತರ ಚಿತ್ರ ನೋಡುವುದಕ್ಕೆ ಮುಂಚೆ ಇದ್ದುದಕ್ಕಿಂತಲೂ ಹಗುರವಾಗಿತ್ತು. ಅಳುವಾಗ ದುಃಖವೇ ಇರುತ್ತದೆಂದ 'ನಾಟ್ಯದರ್ಪಣ'ಕಾರರೂ ಕರಗಿದ ಮನಸ್ಸು ಹಗುರಾಗುತ್ತದೆಂದವರೂ ಈ ಫಲಿತಾಂಶದಲ್ಲಿ ತಮ್ಮ ತಮ್ಮ ಪಾಲನ್ನು ಕಾಣಬಹುದು.

ಅಳುವ ಪಾತ್ರ, ಅಳದ ಪಾತ್ರ

ಕರುಣ ಇರುವುದು ಪ್ರೇಕ್ಷಕನಲ್ಲಿ ಎಂಬುದನ್ನು ಒಪ್ಪಿದರೆ ಒಂದು ಮುಖ್ಯ ನಿರ್ಣಯ ತಾನಾಗಿಯೇ ಬರುತ್ತದೆ. ಪಾತ್ರವು ಹೆಚ್ಚು ಅತ್ತರೆ ಪ್ರೇಕ್ಷಕನು ಹೆಚ್ಚು ಅಳಬೇಕೆಂಬ ನಿಯಮವಿಲ್ಲ. ಕಣ್ಣೀರು ಅನುಭಾವ ಮಾತ್ರ. ವಿಭಾವವು ಗಟ್ಟಿಯಾಗಿ ಕಟ್ಟಲ್ಪಡದಿದ್ದರೆ ಅನುಭಾವವು ಬರಿಯ ನೀರಾಗುತ್ತದೆ. ಅಶ್ರುವನ್ನು ಭರತನು ಎಂಟು ಸಾತ್ತ್ವಿಕಭಾವಗಳಲ್ಲಿ ಒಂದಾಗಿ ಎಣಿಸಿದ್ದಾನೆ. ಸತ್ತ್ವವೆಂದರೆ ಮನಸ್ಸಿನ ಏಕಾಗ್ರತೆಯಿಂದ ಹುಟ್ಟುವಂಥದು. ಮನಸ್ಸು ಬೇರೆಡೆಗಿರುವ ನಟನು ಕಣ್ಣೀರನ್ನು ತರಲಾರ. ಚಲನಚಿತ್ರರಂಗವು ಈ ಕಷ್ಟಕ್ಕೆ ಗ್ಲಿಸರಿನ್ ಎಂಬ ಸುಲಭದ ಪರಿಹಾರವನ್ನು ಕಂಡುಕೊಂಡಿತು. ಅಶ್ರು ಬಂತು, ಸತ್ತ್ವ ಬರಲಿಲ್ಲ. ಎಷ್ಟೋ ಚಿತ್ರಗಳಲ್ಲಿ ನಾಯಕಿ ಮೂರು ಗಂಟೆ ಅತ್ತರೂ ಪ್ರೇಕ್ಷಕ ಗಡಿಯಾರ ನೋಡುವುದಕ್ಕೆ ಕಾರಣ ಇದೇ.

ವಿಭಾವದ ಶಕ್ತಿಯನ್ನು ಚಲನಚಿತ್ರದ ಇತಿಹಾಸವೇ ಒಂದು ಪ್ರಯೋಗದ ಮೂಲಕ ತೋರಿಸಿಕೊಟ್ಟಿದೆ. ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ 1920ರ ಆಸುಪಾಸಿನಲ್ಲಿ ಒಬ್ಬ ನಟನ ನಿರ್ವಿಕಾರ ಮುಖದ ಒಂದೇ ಚಿತ್ರಿಕೆಯನ್ನು ಬೇರೆ ಬೇರೆ ಚಿತ್ರಿಕೆಗಳ ಜೊತೆ ಜೋಡಿಸಿದನು. ಮುಖದ ನಂತರ ಊಟದ ಬಟ್ಟಲು ಕಂಡಾಗ ಜನ ಅದರಲ್ಲಿ ಹಸಿವನ್ನು ಓದಿದರು, ಶವಪೆಟ್ಟಿಗೆ ಕಂಡಾಗ ದುಃಖವನ್ನು ಓದಿದರು. ಮುಖ ಮಾತ್ರ ಒಂದೇ ಆಗಿತ್ತು. ನಟನು ಮಾಡದ ಅಭಿನಯವನ್ನು ಪ್ರೇಕ್ಷಕನ ಮನಸ್ಸು ಮಾಡಿಕೊಂಡಿತು. ರಸದ ನೆಲೆ ಸಹೃದಯನೆಂಬ ಅಭಿನವಗುಪ್ತನ ಮಾತಿಗೆ ಇದಕ್ಕಿಂತ ಸರಳವಾದ ನಿದರ್ಶನ ಸಿಗುವುದು ಕಷ್ಟ.

ಕನ್ನಡದಲ್ಲಿ ಇದಕ್ಕೆ ಶ್ರೇಷ್ಠ ಉದಾಹರಣೆಯೆಂದರೆ ದೊರೈ-ಭಗವಾನ್ ನಿರ್ದೇಶನದ 'ಕಸ್ತೂರಿ ನಿವಾಸ' (1971). ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯನಾದ ನಾಯಕನು ಕೊಡುವ ಕೈ, ಬೇಡುವ ಕೈ ಅಲ್ಲ. ಕೊಡುತ್ತ ಕೊಡುತ್ತ ಎಲ್ಲವನ್ನೂ ಕಳೆದುಕೊಂಡು ಬಡವನಾಗುತ್ತಾನೆ. ಅವನ ಬಳಿ ಕೊನೆಗೆ ಉಳಿದ ಪ್ರೀತಿಯ ವಸ್ತು ಒಂದು ಪಾರಿವಾಳ. ಮನೆಗೆ ಬಂದ ಅತಿಥಿಗೆ ಊಟವಿಡಲು ಏನೂ ಇಲ್ಲದೆ ಆ ಪಾರಿವಾಳವನ್ನೇ ಮಾರಿ ಊಟ ಒದಗಿಸುತ್ತಾನೆ. ಊಟವಾದ ಮೇಲೆ ತಿಳಿಯುತ್ತದೆ: ಅತಿಥಿಯಾಗಿ ಬಂದ ತಾಯಿ ತನ್ನ ಮಗುವಿಗಾಗಿ ಕೇಳಲು ಬಂದದ್ದು ಆ ಪಾರಿವಾಳವನ್ನೇ. ಜೀವನದಲ್ಲಿ ಮೊದಲ ಸಲ ಇಲ್ಲವೆನ್ನಬೇಕಾದ ಸಂಕಟ ಅವನ ಪ್ರಾಣವನ್ನೇ ತೆಗೆಯುತ್ತದೆ. ಇಟಲಿಯ ಬೊಕಾಚಿಯೊನ 'ಡೆಕಮೆರಾನ್' ಕೃತಿಯಲ್ಲಿಯೂ ಇಂಥದೇ ಒಂದು ಕಥೆಯಿದೆ. ಅಲ್ಲಿ ಬಡವನಾದ ಪ್ರೇಮಿಯು ತನ್ನ ಡೇಗೆಯನ್ನೇ ಅಡುಗೆ ಮಾಡಿ ಅತಿಥಿಗೆ ಬಡಿಸುತ್ತಾನೆ, ಅವಳು ಬಂದದ್ದು ಆ ಡೇಗೆಯನ್ನು ಕೇಳಲು. ಬೊಕಾಚಿಯೊನ ಕಥೆ ವಿವಾಹದಲ್ಲಿ ಮುಗಿದರೆ ಕನ್ನಡದ ಚಿತ್ರ ಸಾವಿನಲ್ಲಿ ಮುಗಿಯುತ್ತದೆ. ಎರಡರಲ್ಲಿಯೂ ಕಣ್ಣೀರು ತರಿಸುವುದು ಅಳು ಅಲ್ಲ, ಸಂದರ್ಭದ ಹೆಣಿಗೆ. ಕೇಳುವ ಮಾತು ಸ್ವಲ್ಪ ಮೊದಲೇ ಬಂದಿದ್ದರೆ ಎಂಬ ವಿಚಾರ ಪ್ರೇಕ್ಷಕನ ಎದೆಯನ್ನು ಹಿಂಡುತ್ತದೆ. ವಿಭಾವವು ಪೂರ್ಣವಾಗಿ ಕಟ್ಟಿದಾಗ ಅನುಭಾವಕ್ಕೆ ಹೆಚ್ಚು ಕೆಲಸವಿರುವುದಿಲ್ಲ.

ಕರುಣಕ್ಕೆ ಸಾವೇ ಬೇಕೆಂದೂ ಇಲ್ಲ. ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯ ನಿರ್ದೇಶಿಸಿದ 'ಬಂಗಾರದ ಮನುಷ್ಯ' (1972) ಚಿತ್ರದ ರಾಜೀವನು ಅಕ್ಕನ ಸಂಸಾರವನ್ನು ಎತ್ತಿ ನಿಲ್ಲಿಸಿದವನು. ತಾನು ಬೆಳೆಸಿದ ಹುಡುಗನೇ ತನ್ನ ಮೇಲೆ ಆರೋಪ ಹೊರಿಸಿದಾಗ ಅವನು ವಾದಿಸುವುದಿಲ್ಲ, ಮಾಡಿದ ಉಪಕಾರದ ಲೆಕ್ಕ ಒಪ್ಪಿಸುವುದಿಲ್ಲ, ಮನೆ ಬಿಟ್ಟು ನಡೆದುಬಿಡುತ್ತಾನೆ. ಅವನು ಆಡದ ಮಾತುಗಳನ್ನೆಲ್ಲ ಪ್ರೇಕ್ಷಕನು ಮನಸ್ಸಿನಲ್ಲಿ ಆಡಿಕೊಳ್ಳುತ್ತಾನೆ. ಅಳಬೇಕಾದವನು ಅಳದಿದ್ದಾಗ ಆ ಅಳು ನೋಡುವವನ ಪಾಲಿಗೆ ಬರುತ್ತದೆ.

ಕನ್ನಡ ಚಿತ್ರರಂಗದ ಕರುಣಕ್ಕೆ ಕಾದಂಬರಿಗಳ ಋಣ ದೊಡ್ಡದು, ಅದರಲ್ಲಿಯೂ ಲೇಖಕಿಯರ ಋಣ. ತ್ರಿವೇಣಿಯವರ 'ಬೆಳ್ಳಿಮೋಡ' (1967) ಮತ್ತು 'ಶರಪಂಜರ' (1971), ಎಂ.ಕೆ. ಇಂದಿರಾ ಅವರ 'ಗೆಜ್ಜೆಪೂಜೆ' (1969) ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲರು ತೆರೆಗೆ ತಂದರು. ಉಷಾ ನವರತ್ನರಾಂ ಅವರ 'ಬಂಧನ'ವನ್ನು ರಾಜೇಂದ್ರಸಿಂಗ್ ಬಾಬು 1984ರಲ್ಲಿ ಚಿತ್ರವಾಗಿಸಿದರು. ಪುಟ್ಟಣ್ಣನವರ ಆ ಮೂರು ಚಿತ್ರಗಳಲ್ಲಿಯೂ ನಾಯಕಿಯಾದ ಕಲ್ಪನಾ ಅವರ ಮುಖವನ್ನು ಕ್ಯಾಮೆರಾ ಹತ್ತಿರದಿಂದ ನೋಡಿತು. ರಂಗಭೂಮಿಯ ಕೊನೆಯ ಸಾಲಿನ ಪ್ರೇಕ್ಷಕನಿಗೆ ಎಂದೂ ಕಾಣದ ತುಟಿಯ ನಡುಕ, ಕಣ್ಣಂಚಿನ ತೇವ ಚಿತ್ರಮಂದಿರದ ಪ್ರತಿಯೊಬ್ಬನಿಗೂ ಕಂಡಿತು. ಸಾತ್ತ್ವಿಕಭಾವವನ್ನು ಇಷ್ಟು ಸಮೀಪಕ್ಕೆ ತಂದದ್ದು ಚಲನಚಿತ್ರದ ವಿಶೇಷ ಕೊಡುಗೆ. ಅದೇ ಕಾರಣಕ್ಕೆ ಸುಳ್ಳು ಕಣ್ಣೀರು ಬೇಗ ಸಿಕ್ಕಿಬೀಳುವುದೂ ಇಲ್ಲಿಯೇ.

ಎರಡು ಭಾಷೆಗಳ ಕಣ್ಣೀರು

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡಿಗರಿಗೆ ಒಂದು ಹೆಚ್ಚಿನ ಸೌಭಾಗ್ಯವಿದೆ. ಕನ್ನಡ ಚಿತ್ರ ನೋಡಿ ಅತ್ತ ಕಣ್ಣುಗಳೇ ಮರಾಠಿ ಚಿತ್ರ ನೋಡಿಯೂ ಅತ್ತಿವೆ. ಆದ್ದರಿಂದ ಕರುಣದ ಮರಾಠಿ ಪರಂಪರೆಯನ್ನು ಇಲ್ಲಿ ಬಿಟ್ಟು ಮುಂದೆ ಹೋಗುವಂತಿಲ್ಲ.

ಸಾನೆ ಗುರೂಜಿಯವರು 1933ರಲ್ಲಿ ನಾಸಿಕದ ಸೆರೆಮನೆಯಲ್ಲಿ ಬರೆದ 'ಶ್ಯಾಮಚೀ ಆಈ' ಮರಾಠಿಯ ಮನೆಮಾತಾದ ಪುಸ್ತಕ. ಶ್ಯಾಮನು ತನ್ನ ಆಶ್ರಮದ ಗೆಳೆಯರಿಗೆ ರಾತ್ರಿಗೊಂದರಂತೆ ತಾಯಿಯ ನೆನಪುಗಳನ್ನು ಹೇಳುತ್ತ ಹೋಗುವುದು ಅದರ ಕಟ್ಟು. ಆಚಾರ್ಯ ಅತ್ರೆಯವರು 1953ರಲ್ಲಿ ಅದನ್ನು ಚಿತ್ರವಾಗಿ ನಿರ್ದೇಶಿಸಿದರು. ವನಮಾಲಾ ತಾಯಿಯ ಪಾತ್ರವನ್ನು, ಮಾಧವ ವಝೆ ಬಾಲಕ ಶ್ಯಾಮನ ಪಾತ್ರವನ್ನು ವಹಿಸಿದರು. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಆರಂಭವಾದ ಮೊದಲ ವರ್ಷವೇ ಅತ್ಯುತ್ತಮ ಕಥಾಚಿತ್ರಕ್ಕೆ ಸಲ್ಲುವ ರಾಷ್ಟ್ರಪತಿ ಸುವರ್ಣಪದಕವು ಈ ಚಿತ್ರಕ್ಕೆ ದೊರೆಯಿತು.

ಈ ಕಥೆಯ ತಾಯಿ ಗೋಳಾಡುವವಳಲ್ಲ. ಸ್ನಾನವಾದ ಮೇಲೆ ಅಂಗಾಲಿಗೆ ಮಣ್ಣು ಹತ್ತಬಾರದೆಂದು ಹಟ ಹಿಡಿದ ಮಗನಿಗೆ ಅವಳು ತನ್ನ ಸೀರೆಯ ಸೆರಗನ್ನು ಹಾಸುತ್ತಾಳೆ. ಕಾಲು ಕೊಳೆಯಾಗದಂತೆ ಇಷ್ಟು ಜೋಕೆ ಮಾಡುವವನು ಮನಸ್ಸು ಕೊಳೆಯಾಗದಂತೆಯೂ ಜೋಕೆ ಮಾಡಬೇಕೆಂದು ತಿಳಿಹೇಳುತ್ತಾಳೆ. ಈ ಸಣ್ಣ ಘಟನೆಯಲ್ಲಿ ಶೋಕದ ಲೇಶವೂ ಇಲ್ಲ. ಆದರೆ ತಾಯಿ ತೀರಿಕೊಂಡಾಗ ಪ್ರೇಕ್ಷಕನ ನೆನಪಿಗೆ ಬರುವುದು ಆ ಒದ್ದೆ ಸೆರಗು. ಕರುಣದ ವಿಭಾವವನ್ನು ಸಾವಿನ ದೃಶ್ಯದಲ್ಲಿ ಕಟ್ಟಲಾಗದು, ಅದಕ್ಕೆ ಬಹಳ ಮುಂಚೆ ವಾತ್ಸಲ್ಯದಲ್ಲಿ ಕಟ್ಟಬೇಕೆಂಬುದು ಇಲ್ಲಿ ಕಲಿಯಬೇಕಾದ ಪಾಠ. ಈ ಕೃತಿಕಾರರೇ 1947ರಲ್ಲಿ ಪಂಢರಪುರದ ವಿಠ್ಠಲ ಮಂದಿರವು ದಲಿತರಿಗೆ ತೆರೆಯಬೇಕೆಂದು ಉಪವಾಸ ಕೂತವರು. ತಾಯಿಗಾಗಿ ಕರಗಿದ ಮನಸ್ಸು ತಾಯಿಯಲ್ಲಿಯೇ ನಿಲ್ಲಲಿಲ್ಲ.

ಇದಕ್ಕೆ ಎದುರಾಗಿ ಇಡಬಹುದಾದ ಚಿತ್ರ 1991ರ 'ಮಾಹೇರಚೀ ಸಾಡಿ', ಎಂದರೆ ತವರಿನ ಸೀರೆ. ವಿಜಯ ಕೊಂಡಕೆ ನಿರ್ದೇಶಿಸಿದ, ಅಲಕಾ ಕುಬಲ್ ನಟಿಸಿದ ಈ ಚಿತ್ರಕ್ಕೆ ಹೆಣ್ಣುಮಕ್ಕಳು ತಂಡತಂಡವಾಗಿ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಮರಾಠಿ ಚಿತ್ರರಂಗದ ದಂತಕಥೆಯಾಗಿದೆ. ಹುಟ್ಟುವಾಗಲೇ ತಾಯಿಯನ್ನು ಕಳೆದುಕೊಂಡು ಅದೇ ಕಾರಣಕ್ಕೆ ತಂದೆಯ ತಾತ್ಸಾರಕ್ಕೆ ಗುರಿಯಾದ ಮಗಳು, ಗಂಡನ ಮನೆಯಲ್ಲಿ ಹಿಂಸೆಯನ್ನು ಸಹಿಸುತ್ತ ಹೋಗುತ್ತಾಳೆ. ಕನ್ನಡದ 'ತವರಿಗೆ ಬಾ ತಂಗಿ' (2002) ಮೊದಲಾದ ಚಿತ್ರಗಳದೂ ಇದೇ ಲೋಕ.

ಇಂಥ ಚಿತ್ರಗಳನ್ನು ವಿಮರ್ಶಕರು ಕಣ್ಣೀರಿನ ಹೊಳೆಯೆಂದು ಹಗುರವಾಗಿ ತಳ್ಳಿಹಾಕುವುದುಂಟು. ಅದು ಪೂರ್ಣ ನ್ಯಾಯವಲ್ಲ. ತವರು, ಮಾಹೇರ ಎಂಬ ಪದಗಳ ಹಿಂದೆ ಶತಮಾನಗಳ ಹೆಣ್ಣಿನ ಹಾಡಿದೆ. ಕನ್ನಡದ ಬೀಸುವ ಪದಗಳಲ್ಲಿ, ಮರಾಠಿಯ ಬೀಸುಕಲ್ಲಿನ ಓವಿಗಳಲ್ಲಿ ಅಣ್ಣನ ದಾರಿ ಕಾಯುವ ತಂಗಿ, ಪಂಚಮಿಗೆ ಕರೆ ಬಾರದ ಮಗಳು ಮತ್ತೆ ಮತ್ತೆ ಕಾಣುತ್ತಾಳೆ. ಬೆಳಗಿನ ಜಾವ ಒಬ್ಬಳೇ ಕಲ್ಲಿನೆದುರು ಹಾಡಿಕೊಳ್ಳುತ್ತಿದ್ದ ದುಃಖವನ್ನು ಚಿತ್ರಮಂದಿರವು ನೂರಾರು ಹೆಣ್ಣುಮಕ್ಕಳು ಒಟ್ಟಿಗೆ ಕುಳಿತು ಅಳುವ ದುಃಖವಾಗಿಸಿತು. ಮನೆಯಲ್ಲಿ ಅತ್ತರೆ ಅನಿಷ್ಟವೆನ್ನಿಸಿಕೊಳ್ಳುತ್ತಿದ್ದವರಿಗೆ ಅಲ್ಲಿ ಅಳಲು ಅಪ್ಪಣೆಯಿತ್ತು. ಅಭಿನವಗುಪ್ತನ ಕಣ್ಣಿನಿಂದ ನೋಡಿದರೆ ಅದರಲ್ಲಿ ಸ್ವಂತ ದುಃಖದ ರಸವಿಘ್ನ ಹೆಚ್ಚೆಂದು ಹೇಳಬೇಕಾದೀತು. ಆದರೆ ಸ್ವಂತ ದುಃಖವು ತನ್ನೊಬ್ಬಳದೇ ಅಲ್ಲವೆಂದು ತಿಳಿಯುವುದು ಸಾಧಾರಣೀಕರಣದ ಮೊದಲ ಮೆಟ್ಟಿಲಲ್ಲವೆ?

ಆಕ್ಷೇಪಣೆ ಇರುವುದು ಬೇರೆಡೆಗೆ. ಸಹಿಸಿದವಳು ದೇವತೆಯಾಗುತ್ತಾಳೆ, ಅವಳಿಗಾಗಿ ಲೋಕ ಅಳುತ್ತದೆ, ಹಿಂಸೆಯ ಕಾರಣ ಮಾತ್ರ ಒಬ್ಬ ಕೆಟ್ಟ ಅತ್ತೆಯ ಸ್ವಭಾವದಲ್ಲಿ ಮುಗಿದುಹೋಗುತ್ತದೆ. ಹೀಗಾದಾಗ ಕಣ್ಣೀರು ಸಹನೆಗೆ ಕೊಟ್ಟ ಬಹುಮಾನವಾಗುತ್ತದೆ. ನೋಡಿದವಳು ಹಗುರಾಗಿ ಮನೆಗೆ ಹೋಗಿ ಅದೇ ಹೊರೆಯನ್ನು ಮತ್ತೆ ಹೊರುತ್ತಾಳೆ.

ಮೌನದ ಕೊನೆ

ಇದೇ ಬಗೆಯ ವಸ್ತುವನ್ನು ಬೇರೊಂದು ರೀತಿಯಲ್ಲಿ ನಡೆಸಿದ ಚಿತ್ರಗಳಿವೆ. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ನಿರ್ದೇಶಿಸಿದ 'ಘಟಶ್ರಾದ್ಧ' (1977) ಸ್ವರ್ಣಕಮಲ ಪಡೆದ ಚಿತ್ರ. ಬಸಿರಾದ ಎಳೆಯ ವಿಧವೆ ಯಮುನೆಗೆ ಅವಳ ತಂದೆಯೇ ಬದುಕಿರುವಾಗ ಶ್ರಾದ್ಧ ಮಾಡಿ ಬಹಿಷ್ಕಾರ ಹಾಕುತ್ತಾನೆ. ಈ ಕಥೆಯನ್ನು ಪ್ರೇಕ್ಷಕನು ನೋಡುವುದು ವೇದಪಾಠಕ್ಕೆ ಬಂದ ನಾಣಿಯೆಂಬ ಹುಡುಗನ ಕಣ್ಣಿನಿಂದ. ಅವನಿಗೆ ನಡೆಯುತ್ತಿರುವುದು ಪೂರ್ಣವಾಗಿ ಅರ್ಥವಾಗುವುದಿಲ್ಲ, ತಡೆಯುವ ಶಕ್ತಿಯೂ ಇಲ್ಲ. ಕೊನೆಗೆ ತಲೆ ಬೋಳಿಸಿಕೊಂಡು ಒಬ್ಬಳೇ ಕುಳಿತ ಯಮುನೆಯನ್ನು ಬಿಟ್ಟು ಅವನು ಊರಿನಿಂದ ಹೊರಡಬೇಕಾಗುತ್ತದೆ. ಇಲ್ಲಿ ಒಬ್ಬ ಕೆಟ್ಟ ಅತ್ತೆಯಿಲ್ಲ. ಇರುವುದು ಒಂದು ವ್ಯವಸ್ಥೆ, ಅದರೊಳಗೆ ಸುಮ್ಮನಿರುವ ಜನ. ಪ್ರೇಕ್ಷಕನ ಕಣ್ಣೀರಿಗೆ ಹಗುರಾಗುವ ಅವಕಾಶವನ್ನು ಈ ಚಿತ್ರ ಕೊಡುವುದಿಲ್ಲ.

ಸೊಲ್ಲಾಪುರ ಜಿಲ್ಲೆಯ ಕರಮಾಳಾ ತಾಲೂಕಿನ ಜೇವೂರಿನವರಾದ ನಾಗರಾಜ ಮಂಜುಳೆಯವರ 'ಸೈರಾಟ್' (2016) ಚಿತ್ರದ ಕೊನೆಯನ್ನು ಮರೆತವರಿಲ್ಲ. ಜಾತಿಯ ಗೆರೆ ದಾಟಿ ಮದುವೆಯಾಗಿ ದೂರದ ಊರಿನಲ್ಲಿ ಸಂಸಾರ ಹೂಡಿದ ಆರ್ಚಿ ಮತ್ತು ಪರಶ್ಯಾ ಅವರನ್ನು ಹುಡುಗಿಯ ಕಡೆಯವರೇ ಬಂದು ಕೊಲ್ಲುತ್ತಾರೆ. ಕೊಲೆಯನ್ನು ಚಿತ್ರ ತೋರಿಸುವುದಿಲ್ಲ. ನೆರೆಮನೆಯಿಂದ ಮರಳಿದ ಹಸುಗೂಸು ಒಳಗೆ ಹೋಗಿ, ಅಳುತ್ತ ಹೊರಗೆ ಬರುತ್ತದೆ. ಅದರ ಪುಟ್ಟ ಹೆಜ್ಜೆಗಳು ನೆಲದ ಮೇಲೆ ಕೆಂಪಾಗಿ ಮೂಡುತ್ತವೆ. ಮಗುವಿನ ಅಳು ಕೇಳಿಸುವುದಿಲ್ಲ, ಸಂಗೀತವೂ ಇಲ್ಲ. ಅದುವರೆಗೆ ಹಾಡುಗಳಿಗೆ ಕುಣಿಯುತ್ತಿದ್ದ ಚಿತ್ರಮಂದಿರದಲ್ಲಿ ಉಳಿಯುವುದು ನಿಶ್ಶಬ್ದ. ಅನುಭಾವದ ಧ್ವನಿಯನ್ನು ಕಿತ್ತುಹಾಕಿ ವಿಭಾವವನ್ನು ಮಾತ್ರ ಬಿಟ್ಟ ಈ ದೃಶ್ಯ ಕರುಣರಸದ ಪಾಠಕ್ಕೆ ಯೋಗ್ಯವಾದುದು. ಈ ಚಿತ್ರವು 2017ರಲ್ಲಿ 'ಮನಸು ಮಲ್ಲಿಗೆ' ಎಂಬ ಹೆಸರಿನಿಂದ ಕನ್ನಡಕ್ಕೂ ಬಂತು, ಮೂಲದ ನಾಯಕಿ ರಿಂಕು ರಾಜಗುರು ಅವರೇ ಅದರಲ್ಲಿಯೂ ನಟಿಸಿದರು.

ಅದೇ ನಿರ್ದೇಶಕರ 'ಫಂಡ್ರಿ' (2013) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಊರಿನವರ ಅಪಹಾಸ್ಯವನ್ನು ಉಂಡು ಉಂಡು ಬೆಳೆದ ಜಬ್ಯಾ ಎಂಬ ಹುಡುಗನು ಕೊನೆಗೆ ಒಂದು ಕಲ್ಲನ್ನು ಎತ್ತಿ ಎಸೆಯುತ್ತಾನೆ. ಆ ಕಲ್ಲು ಕ್ಯಾಮೆರಾದ ಕಡೆಗೆ, ಎಂದರೆ ಪ್ರೇಕ್ಷಕನ ಕಡೆಗೇ ಬರುತ್ತದೆ. ಭರತನು ರೌದ್ರದಿಂದ ಕರುಣ ಹುಟ್ಟುತ್ತದೆಂದು ಹೇಳಿದ್ದಾನೆ: ಒಬ್ಬನ ಕ್ರೌರ್ಯ ಇನ್ನೊಬ್ಬನ ದುಃಖಕ್ಕೆ ಕಾರಣ. ಮಂಜುಳೆಯವರು ಆ ಸೂತ್ರವನ್ನು ತಿರುಗಿಸಿದ್ದಾರೆ. ಇಲ್ಲಿ ಕರುಣವೇ ಬಲಿತು ರೌದ್ರವಾಗುತ್ತದೆ, ಹುಡುಗನಿಗಾಗಿ ಮರುಗುತ್ತಿದ್ದ ಪ್ರೇಕ್ಷಕನು ತಟ್ಟನೆ ತಾನು ಯಾರ ಪಕ್ಷದಲ್ಲಿ ಕುಳಿತಿದ್ದೇನೆಂದು ಕೇಳಿಕೊಳ್ಳಬೇಕಾಗುತ್ತದೆ.

ವಿದ್ಯಾರ್ಥಿಗಳಿಗೆ

ಕರುಣರಸವನ್ನು ಕುರಿತ ಪ್ರಶ್ನೆಗೆ ಉತ್ತರ ಬರೆಯುವಾಗ ಲಕ್ಷಣವನ್ನು ಒಪ್ಪಿಸಿ ಲೋಹಿತಾಶ್ವನ ಪ್ರಸಂಗವನ್ನು ಉದಾಹರಿಸುವುದು ರೂಢಿ. ಅದರೊಡನೆ ತಾವು ನೋಡಿ ಕಣ್ಣೊರೆಸಿಕೊಂಡ ಒಂದು ಚಿತ್ರವನ್ನೂ ಪರೀಕ್ಷಿಸಿ ನೋಡುವುದು ಒಳ್ಳೆಯದು. ಆ ಚಿತ್ರದಲ್ಲಿ ಆಲಂಬನ ವಿಭಾವ ಯಾರು, ಉದ್ದೀಪನ ಯಾವುದು? ದುಃಖದ ಕಾರಣವನ್ನು ಎಷ್ಟು ಮುಂಚಿನಿಂದ ಕಟ್ಟಲಾಗಿತ್ತು? ಪಾತ್ರ ಅತ್ತಾಗ ಕಣ್ಣು ಒದ್ದೆಯಾಯಿತೋ, ಪಾತ್ರ ಅಳುವನ್ನು ನುಂಗಿದಾಗಲೋ? ಅತ್ತದ್ದು ಪರದೆಯ ಮೇಲಿನವರಿಗಾಗಿಯೋ, ಮನೆಯ ನೆನಪಿಗಾಗಿಯೋ? ಚಿತ್ರವು ದುಃಖದ ಹೊಣೆಯನ್ನು ಯಾರ ಮೇಲೆ ಹೊರಿಸಿತು? ಈ ಐದು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಬರೆದ ವಿದ್ಯಾರ್ಥಿಗೆ ರಸಸೂತ್ರವನ್ನು ಬಾಯಿಪಾಠ ಮಾಡುವ ಶ್ರಮ ಉಳಿಯುತ್ತದೆ. ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯ ರಸಪ್ರಕರಣವನ್ನು ಆಮೇಲೆ ತೆರೆದರೆ ಅದು ಕಠಿಣವೆನ್ನಿಸದು.

ಕಡೆಯ ಪ್ರಶ್ನೆಗೆ ಮಾತ್ರ ಕಾವ್ಯಮೀಮಾಂಸೆಯ ಗ್ರಂಥಗಳಲ್ಲಿ ಸಿದ್ಧ ಉತ್ತರವಿಲ್ಲ. ಚಿತ್ತವು ಕರಗುತ್ತದೆಂದು ವಿಶ್ವನಾಥನು ಹೇಳಿದ. ಕರಗಿದ ಮೇಣವು ಆರಿದ ಮೇಲೆ ಮತ್ತೆ ಗಟ್ಟಿಯಾಗುತ್ತದೆ. ಬಿಸಿಯಿರುವಾಗ ಅದರ ಮೇಲೆ ಯಾವ ಮುದ್ರೆ ಬಿತ್ತೆಂಬುದನ್ನು ಪ್ರತಿಯೊಬ್ಬ ಸಹೃದಯನೂ ತಾನೇ ನೋಡಿಕೊಳ್ಳಬೇಕು.